ಬರ್ಗೆನ್‌ನಿಂದ ಅಬರ್ಡೀನ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ಪೆನ್ನು ಹಿಡಿದು ಲೆಕ್ಕ ಹಾಕುವ ಬಗೆ

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಬರ್ಗೆನ್, ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಅಬರ್ಡೀನ್. ನಡುವೆ ಉತ್ತರ ಸಮುದ್ರ. ಎರಡೂ ಊರಿನ ಎಷ್ಟೋ ಮನೆಗಳ ಅನ್ನ ಹುಟ್ಟುವುದು ಈ ಸಮುದ್ರದಡಿಯ ತೈಲ ಮತ್ತು ಅನಿಲದಿಂದ. ಆದ್ದರಿಂದ ಎಂಜಿನಿಯರುಗಳು, ಹಡಗಿನವರು, ಅವರನ್ನು ನೋಡಲು ಬರುವ ಮನೆಮಂದಿ ಈ ಎರಡು ಊರುಗಳ ನಡುವೆ ಓಡಾಡುತ್ತಲೇ ಇರುತ್ತಾರೆ. ಅವರಲ್ಲಿ ನಮ್ಮ ಕಡೆಯವರೂ ಉಂಟು.

ಹೊರಡುವ ಮುನ್ನ ದೂರ ಎಷ್ಟೆಂದು ಹುಡುಕಿದರೆ ಉತ್ತರಗಳ ಸಂತೆಯೇ ಎದುರಾಗುತ್ತದೆ. ಒಂದು ಕಡೆ 548 ಕಿ.ಮೀ., ಒಂದು ಗಂಟೆ ಹತ್ತು ನಿಮಿಷ. ಟಿಕೆಟ್ಟಿನಲ್ಲಿ ಒಂದು ಗಂಟೆ ಇಪ್ಪತ್ತೈದು ನಿಮಿಷ. ಹೊರಡುವ ಸಮಯ, ತಲುಪುವ ಸಮಯ ಎರಡನ್ನೂ ಜೋಡಿಸಿ ನೋಡಿದರೆ ಬರೀ ಇಪ್ಪತ್ತೈದು ನಿಮಿಷದ ಅಂತರ! ಕಾರಿನ ದಾರಿ ಕೇಳಿದರೆ ನಕ್ಷೆ ಡೆನ್ಮಾರ್ಕ್, ಜರ್ಮನಿ, ಫ್ರಾನ್ಸ್ ಸುತ್ತಿಸಿ 2,000 ಕಿ.ಮೀ.ಗೂ ಹೆಚ್ಚು ತೋರಿಸುತ್ತದೆ. ಇವೆಲ್ಲವೂ ಸರಿಯೇ, ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ. ನಿಮಗೆ ಬೇಕಾದ ಉತ್ತರ ಯಾವುದೆಂದು ತಿಳಿಯಲು ಒಮ್ಮೆ ನೀವೇ ಲೆಕ್ಕ ಹಾಕುವುದು ಒಳ್ಳೆಯದು. ಹೈಸ್ಕೂಲಿನ ಗಣಿತ ಸಾಕು. ಇದೇ ಲೆಕ್ಕ ಯುರೋಪಿನ ಬೇರೆ ಸಣ್ಣ ವಿಮಾನ ನಿಲ್ದಾಣಗಳಿಗೂ ನಡೆಯುತ್ತದೆ.

ಹೆಜ್ಜೆ 1: ನಿಲ್ದಾಣ ಅದೇನಾ ಎಂದು ಖಚಿತಪಡಿಸಿಕೊಳ್ಳಿ

ಊರಿನ ಹೆಸರಿನ ಮೇಲೆ ಭರವಸೆ ಬೇಡ, ಮೂರಕ್ಷರದ ಕೋಡ್ ನೋಡಿ. ಬರ್ಗೆನ್‌ನ ಫ್ಲೆಸ್ಲಾಂಡ್ ನಿಲ್ದಾಣದ್ದು ಬಿಜಿಒ. ಇಟಲಿಯ ಬೆರ್ಗಾಮೋ ನಿಲ್ದಾಣದ್ದು ಬಿಜಿವೈ. ಅವಸರದಲ್ಲಿ ಬೆರಳು ತಪ್ಪಿದರೆ ಆಲ್ಪ್ಸ್ ಪರ್ವತದ ಆಚೆಗೆ ಹೋಗುತ್ತೀರಿ. ಅಬರ್ಡೀನ್‌ನದು ಎಬಿಝಡ್. ಎಬಿಡಿ ಎಂದು ಹೊಡೆದರೆ ಇರಾನಿನ ಅಬಾದಾನ್ ಬರುತ್ತದೆ, ಎಬಿಆರ್ ಎಂದರೆ ಅಮೆರಿಕದ ಸೌತ್ ಡಕೋಟಾದಲ್ಲಿರುವ ಇನ್ನೊಂದು ಅಬರ್ಡೀನ್.

ಹೆಜ್ಜೆ 2: ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಗೂಗಲ್ ಮ್ಯಾಪ್ಸ್‌ನಲ್ಲಿ ನಿಲ್ದಾಣದ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಅಂಕಿಗಳು ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ.

ಬರ್ಗೆನ್: ಉತ್ತರ 60.29, ಪೂರ್ವ 5.22
ಅಬರ್ಡೀನ್: ಉತ್ತರ 57.20, ಪಶ್ಚಿಮ 2.20

ಇಲ್ಲಿ ಎರಡು ಕಡೆ ಎಡವುವ ಸಂಭವವಿದೆ. ವಿಕಿಪೀಡಿಯದಂಥ ಕಡೆ ಬರ್ಗೆನ್‌ನ ಅಕ್ಷಾಂಶ 60 ಡಿಗ್ರಿ 17 ನಿಮಿಷ 36 ಸೆಕೆಂಡ್ ಎಂದಿರುತ್ತದೆ. ಅದನ್ನು 60.17 ಎಂದು ಬರೆದುಕೊಳ್ಳಬಾರದು. ಡಿಗ್ರಿಗೆ ಅರವತ್ತು ನಿಮಿಷ ಇರುವುದರಿಂದ 17.6 ಅನ್ನು 60ರಿಂದ ಭಾಗಿಸಿದಾಗ ಬರುವ 0.29 ಅನ್ನೇ ಸೇರಿಸಬೇಕು. ತಪ್ಪಿದರೆ ನಿಲ್ದಾಣ 13 ಕಿ.ಮೀ. ದಕ್ಷಿಣಕ್ಕೆ ಜರುಗಿಬಿಡುತ್ತದೆ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅಬರ್ಡೀನ್ ಇರುವುದು ಗ್ರೀನಿಚ್ ರೇಖೆಯ ಪಶ್ಚಿಮಕ್ಕೆ, ಬರ್ಗೆನ್ ಪೂರ್ವಕ್ಕೆ. ಎರಡೂ ಒಂದೇ ಕಡೆ ಇದ್ದರೆ ರೇಖಾಂಶಗಳನ್ನು ಕಳೆಯಬೇಕು, ಆಚೆ ಈಚೆ ಇದ್ದರೆ ಕೂಡಿಸಬೇಕು. ಇಲ್ಲಿ ಕೂಡಿಸಬೇಕು: 5.22 + 2.20 = 7.42. ನಕ್ಷೆಯಲ್ಲಿ ಅಬರ್ಡೀನ್‌ನ ಅಂಕಿಯ ಹಿಂದಿರುವ ಸಣ್ಣ ಮೈನಸ್ ಗುರುತು ಹೇಳುವುದು ಇದನ್ನೇ. ಅದನ್ನು ಗಮನಿಸದೆ ಕಳೆದುಬಿಟ್ಟರೆ ಕೊನೆಗೆ ದೂರ 385 ಕಿ.ಮೀ. ಎಂದು ಬರುತ್ತದೆ, ಅಂದರೆ ನಿಮ್ಮ ವಿಮಾನ ಸಮುದ್ರದ ಮಧ್ಯೆಯೇ ಇಳಿಯುತ್ತದೆ.

ಹೆಜ್ಜೆ 3: ದೂರದ ಲೆಕ್ಕ

ಉತ್ತರ–ದಕ್ಷಿಣದ ಭಾಗ ಸುಲಭ. ಭೂಮಿಯ ಯಾವ ಮೂಲೆಯಲ್ಲಾದರೂ ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ. ಇಲ್ಲಿನ ವ್ಯತ್ಯಾಸ 60.29ರಲ್ಲಿ 57.20 ಕಳೆದರೆ 3.09. ಗುಣಿಸಿದರೆ 343 ಕಿ.ಮೀ.

ಪೂರ್ವ–ಪಶ್ಚಿಮದ ಭಾಗದಲ್ಲಿ ಸ್ವಲ್ಪ ತಾಳ್ಮೆ ಬೇಕು. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಬೆಂಗಳೂರಿನ ಅಕ್ಷಾಂಶ ಹದಿಮೂರರಲ್ಲಿ ಒಂದು ಡಿಗ್ರಿ ರೇಖಾಂಶ 108 ಕಿ.ಮೀ. ಅಗಲವಿರುತ್ತದೆ, ಆದ್ದರಿಂದ ನಮ್ಮಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಬರ್ಗೆನ್ ಹತ್ತಿರ ಅದು ಅರ್ಧಕ್ಕೆ ಇಳಿದಿರುತ್ತದೆ. ಎಷ್ಟು ಇಳಿದಿದೆ ಎಂದು ತಿಳಿಯಲು ಎರಡು ಊರಿನ ಅಕ್ಷಾಂಶಗಳ ಸರಾಸರಿ ತೆಗೆದು ಅದರ ಕೊಸೈನ್ ನೋಡಿ. ಸರಾಸರಿ 58.75, ಫೋನಿನ ಕ್ಯಾಲ್ಕುಲೇಟರಿನಲ್ಲಿ ಅದರ ಕೊಸೈನ್ 0.519. (ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ರೇಡಿಯನ್‌ನಲ್ಲಿದೆಯೇ ನೋಡಿಕೊಳ್ಳಿ. ರೇಡಿಯನ್‌ನಲ್ಲಿದ್ದರೆ ಏನೇನೋ ಬರುತ್ತದೆ.) ಕ್ಯಾಲ್ಕುಲೇಟರ್ ಕೈಯಲ್ಲಿಲ್ಲದಿದ್ದರೆ 45 ಡಿಗ್ರಿಗೆ 0.71, 50ಕ್ಕೆ 0.64, 55ಕ್ಕೆ 0.57, 60ಕ್ಕೆ 0.50 ಎಂದು ನೆನಪಿಟ್ಟುಕೊಂಡರೆ ಯುರೋಪಿನ ಬಹುಭಾಗಕ್ಕೆ ಸಾಕಾಗುತ್ತದೆ.

7.42 × 111 × 0.519 = 427 ಕಿ.ಮೀ.

ಈಗ 343 ಒಂದು ಬಾಹು, 427 ಇನ್ನೊಂದು ಬಾಹು. ಪೈಥಾಗೊರಸ್ ಪ್ರಮೇಯ ಹಾಕಿ ಕರ್ಣ ಕಂಡುಹಿಡಿಯಿರಿ. 343ರ ವರ್ಗ 1,17,649. 427ರ ವರ್ಗ 1,82,329. ಕೂಡಿದರೆ 2,99,978. ವರ್ಗಮೂಲ 548 ಕಿ.ಮೀ.

ಭೂಮಿ ಗುಂಡಗಿದೆ ಎಂದು ಒಪ್ಪಿಕೊಂಡು ದೊಡ್ಡ ಸೂತ್ರ ಹಾಕಿದರೂ ಉತ್ತರ 548ರ ಆಸುಪಾಸಿನಲ್ಲೇ ಬರುತ್ತದೆ. ಸಾವಿರ ಕಿ.ಮೀ.ವರೆಗಿನ ದೂರಕ್ಕೆ ಈ ಸಣ್ಣ ಲೆಕ್ಕ ಧಾರಾಳವಾಗಿ ಸಾಲುತ್ತದೆ. ಬೆಂಗಳೂರು–ಫ್ರಾಂಕ್‌ಫರ್ಟ್‌ನಂಥ ದೂರಕ್ಕೆ ಮಾತ್ರ ಬಳಸಬೇಡಿ, ಅಲ್ಲಿ ಭೂಮಿಯ ಬಾಗು ತನ್ನ ಪಾಲು ಕೇಳುತ್ತದೆ. ಇನ್ನು ಕೊಸೈನ್ ಗೊಡವೆಯೇ ಬೇಡವೆಂದು ಬಿಟ್ಟರೆ ಏನಾಗುತ್ತದೆ? 892 ಕಿ.ಮೀ. ಬರುತ್ತದೆ. ಇಲ್ಲದ ಮುನ್ನೂರು ಚಿಲ್ಲರೆ ಕಿ.ಮೀ. ತಲೆ ಮೇಲೆ ಬಿದ್ದ ಹಾಗೆ.

ಮೈಲಿಯಲ್ಲಿ ಬೇಕಾದರೆ 1.609ರಿಂದ ಭಾಗಿಸಿ: 341 ಮೈಲಿ. ವಿಮಾನದವರು ಹೇಳುವ ನಾಟಿಕಲ್ ಮೈಲಿ ಬೇಕಾದರೆ 1.852ರಿಂದ ಭಾಗಿಸಿ: 296. ದೂರ ತಿಳಿಸುವ ಕೆಲವು ಪುಟಗಳಲ್ಲಿ ಈ ಮೂರೂ ಅಂಕಿ ಪಕ್ಕಪಕ್ಕದಲ್ಲಿರುತ್ತವೆ. 341ನ್ನೂ 296ನ್ನೂ ಎರಡು ಬೇರೆ ದಾರಿಗಳೆಂದು ತಿಳಿಯಬೇಡಿ.

ಹೆಜ್ಜೆ 4: ಗಾಳಿಯಲ್ಲಿರುವ ಹೊತ್ತು

ಎಷ್ಟೋ ಪುಟಗಳು ಇಲ್ಲಿ ಒಂದು ಸರಾಸರಿ ವೇಗ ಹಿಡಿದು ಭಾಗಿಸಿ ಕೈತೊಳೆದುಕೊಳ್ಳುತ್ತವೆ. ಸಣ್ಣ ದೂರಕ್ಕೆ ಅದು ಸಾಲದು, ಮೂರು ತಿದ್ದುಪಡಿ ಬೇಕು.

ಒಂದು, ವಿಮಾನ ಹಗ್ಗ ಎಳೆದಂತೆ ನೇರ ಹೋಗುವುದಿಲ್ಲ. ಎರಡೂ ನಿಲ್ದಾಣಗಳ ರನ್‌ವೇ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿವೆ, ಹೋಗಬೇಕಾದ ದಿಕ್ಕು ನೈರುತ್ಯ. ಬರ್ಗೆನ್‌ನಲ್ಲಿ ಉತ್ತರಕ್ಕೆ ಏರಿದರೆ ಅರ್ಧ ಸುತ್ತು ತಿರುಗಿ ಸಮುದ್ರದ ಮೇಲೆ ಬರಬೇಕು. ಇದಕ್ಕೆಲ್ಲ ಶೇ. 5 ಸೇರಿಸಿ 575 ಕಿ.ಮೀ. ಎಂದುಕೊಳ್ಳಿ.

ಎರಡು, ಏರುವಾಗ ಇಳಿಯುವಾಗ ಪೂರ್ಣ ವೇಗ ಇರುವುದಿಲ್ಲ. ಅದಕ್ಕೆ ಸುಮಾರು 10 ನಿಮಿಷ, ಜೆಟ್ ಆದರೆ ಇನ್ನಷ್ಟು. ಮೂರು, ವಿಮಾನದ ಜಾತಿ. ಈ ದಾರಿಯಲ್ಲಿ ಬಹುಕಾಲದಿಂದ ಕೇಳಿಬರುವ ಹೆಸರು ನಾರ್ವೆಯ ವಿಮಾನ ಕಂಪನಿ ವಿಡೆರೋ. ಅದರ ಬಳಿ ಹೆಚ್ಚಾಗಿ ಇರುವುದು ಪ್ರೊಪೆಲರ್ ತಿರುಗುವ ಡ್ಯಾಶ್ 8 ವಿಮಾನಗಳು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಇಂಡಿಗೋದ ಎಟಿಆರ್ ಹತ್ತಿದವರಿಗೆ ಈ ಜಾತಿಯ ಪರಿಚಯವಿದೆ: ರೆಕ್ಕೆ ಮೇಲೆ, ಕಿಟಕಿ ಕೆಳಗೆ, ಒಳಗೆ ಒಂದು ಗುಂಯ್ ಸದ್ದು. ಹಳೆಯ ಸಣ್ಣ ಡ್ಯಾಶ್‌ನ ವೇಗ ಗಂಟೆಗೆ ಸುಮಾರು 500 ಕಿ.ಮೀ. ಉದ್ದನೆಯ ಡ್ಯಾಶ್ 8-400 ಆದರೆ 620 ಎಂದಿಟ್ಟುಕೊಳ್ಳಿ. ಜೆಟ್ ಆದರೆ 800.

ಸಣ್ಣ ಡ್ಯಾಶ್‌ಗೆ 575 ಕಿ.ಮೀ. ಸಾಗಲು 69 ನಿಮಿಷ, ಏರಿಳಿತಕ್ಕೆ 10, ಒಟ್ಟು 79. ದೊಡ್ಡ ಡ್ಯಾಶ್‌ಗೆ 56 ಮತ್ತು 10, ಒಟ್ಟು 66. ಜೆಟ್‌ಗೆ 43 ಮತ್ತು 15, ಒಟ್ಟು 58. ಗಮನಿಸಿ, ದೊಡ್ಡ ಡ್ಯಾಶ್‌ಗಿಂತ ಜೆಟ್ ಗಂಟೆಗೆ 180 ಕಿ.ಮೀ. ಹೆಚ್ಚು ಓಡಿದರೂ ನಿಮಗೆ ಉಳಿಯುವುದು ಎಂಟೇ ನಿಮಿಷ. ಇಷ್ಟು ಸಣ್ಣ ದೂರಕ್ಕೆ ಜೆಟ್ ಬೇಕೆಂದು ಹೆಚ್ಚು ದುಡ್ಡು ಕೊಡುವುದು ನನ್ನ ಮಟ್ಟಿಗೆ ವ್ಯರ್ಥ.

ದೂರ ಕಡಿಮೆಯಾದಷ್ಟೂ ವೇಗದ ಮಾತು ಅಪ್ರಸ್ತುತವಾಗುತ್ತ ಹೋಗುತ್ತದೆ. ಅಬರ್ಡೀನ್‌ನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಲೋಗನ್‌ಏರ್‌ನ ವಿಮಾನವಿದೆ. ದೂರ 2.7 ಕಿ.ಮೀ. ಎರಡು ನಿಮಿಷದೊಳಗೆ ಮುಗಿಯುವ ಪ್ರಯಾಣ, ಪ್ರಪಂಚದಲ್ಲೇ ಅತಿ ಚಿಕ್ಕ ನಿಗದಿತ ವಿಮಾನಯಾನ ಎಂಬ ಹೆಸರು ಅದಕ್ಕೆ. ಅಲ್ಲಿಗೆ ನಮ್ಮ ಏರಿಳಿತದ ಹತ್ತು ನಿಮಿಷದ ಲೆಕ್ಕ ಅನ್ವಯಿಸಿದರೆ ನಗೆಪಾಟಲಾಗುತ್ತದೆ.

ಹೆಜ್ಜೆ 5: ಗಾಳಿಯನ್ನು ಮರೆಯಬೇಡಿ

ಉತ್ತರ ಸಮುದ್ರದ ಮೇಲೆ ಬೀಸುವುದು ಹೆಚ್ಚಾಗಿ ಪಶ್ಚಿಮದ ಗಾಳಿ. ಅಬರ್ಡೀನ್ ಕಡೆ ಹೋಗುವಾಗ ಅದು ಮುಖಕ್ಕೆ ಹೊಡೆಯುತ್ತದೆ, ಬರ್ಗೆನ್ ಕಡೆ ಬರುವಾಗ ಬೆನ್ನಿಗೆ ಬರುತ್ತದೆ. ವಿಮಾನದ ಎತ್ತರದಲ್ಲಿ ಗಂಟೆಗೆ 100 ಕಿ.ಮೀ. ಪಶ್ಚಿಮದ ಗಾಳಿ ಇದೆಯೆನ್ನಿ. ನಿಮ್ಮ ದಾರಿ ಓರೆಯಾಗಿರುವುದರಿಂದ ಅದರಲ್ಲಿ ಸುಮಾರು 80 ಎದುರಿಗೆ ಸಿಗುತ್ತದೆ. 500ರ ವೇಗ 420ಕ್ಕೆ ಇಳಿಯುತ್ತದೆ, 69 ನಿಮಿಷದ ದಾರಿಗೆ 82 ನಿಮಿಷ ಹಿಡಿಯುತ್ತದೆ. ವಾಪಸು ಬರುವಾಗ ವೇಗ 580, ಹಿಡಿಯುವುದು 60 ನಿಮಿಷಕ್ಕೂ ಸ್ವಲ್ಪ ಕಡಿಮೆ. ಒಂದೇ ದಾರಿ, ಒಂದೇ ವಿಮಾನ, ಇಪ್ಪತ್ತೆರಡು ನಿಮಿಷಕ್ಕೂ ಹೆಚ್ಚು ವ್ಯತ್ಯಾಸ.

ಹೋಗುವಾಗ ಕಳೆದದ್ದು ಬರುವಾಗ ಸಿಕ್ಕಿತಲ್ಲ, ಸರಿಹೋಯಿತು ಎನ್ನಬೇಡಿ. ಕಳೆದದ್ದು 13 ನಿಮಿಷ, ಸಿಕ್ಕಿದ್ದು ಒಂಬತ್ತು ಚಿಲ್ಲರೆ. ಎದುರುಗಾಳಿಯಲ್ಲಿ ನೀವು ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತೀರಿ, ಹಿಂಗಾಳಿಯ ಲಾಭ ಪಡೆಯುವುದು ಕಡಿಮೆ ಹೊತ್ತು. ಗಾಳಿಯಿದ್ದರೆ ಹೋಗಿಬರುವ ಒಟ್ಟು ಹೊತ್ತು ಯಾವಾಗಲೂ ಹೆಚ್ಚೇ. ಇಲ್ಲಿ ಜೆಟ್‌ಗೆ ಒಂದು ಅಂಕ ಕೊಡಬೇಕು: ಇದೇ ಗಾಳಿಯಲ್ಲಿ ಅದಕ್ಕೆ ಹೋಗುವಾಗ 48 ನಿಮಿಷ, ಬರುವಾಗ 39, ಒಂಬತ್ತು ನಿಮಿಷದ ಏರುಪೇರು ಅಷ್ಟೇ.

ಗಾಳಿಯ ಜೊತೆಗೆ ಮಂಜು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಣ್ಣನೆಯ ಸಮುದ್ರದ ಮೇಲೆ ಬೆಚ್ಚನೆಯ ಗಾಳಿ ಹಾದು ದಟ್ಟ ಮಂಜು ಕಟ್ಟಿ ಸ್ಕಾಟ್ಲೆಂಡಿನ ಪೂರ್ವ ಕರಾವಳಿಗೆ ನುಗ್ಗುತ್ತದೆ. ಅಲ್ಲಿಯವರು ಅದನ್ನು ಹಾರ್ ಎನ್ನುತ್ತಾರೆ. ಒಳನಾಡಿನಲ್ಲಿ ಬಿಸಿಲಿದ್ದರೂ ಕರಾವಳಿಯಲ್ಲಿ ಏನೂ ಕಾಣದಂತಾಗುವುದುಂಟು. ಅಂಥ ದಿನ ಲೆಕ್ಕ ಎಷ್ಟೇ ಸರಿಯಿದ್ದರೂ ವಿಮಾನ ಕಾಯುತ್ತದೆ.

ಹೆಜ್ಜೆ 6: ಟಿಕೆಟ್ಟಿನ ಹೊತ್ತು

ಟಿಕೆಟ್ಟಿನಲ್ಲಿರುವುದು ಹಾರಾಟದ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಆಚೆ ಊರಿನಲ್ಲಿ ನಿಂತ ಗಳಿಗೆಯವರೆಗಿನದು. ರನ್‌ವೇಗೆ ಹೋಗುವುದು, ಸರತಿಯಲ್ಲಿ ನಿಲ್ಲುವುದು, ಇಳಿದ ಮೇಲೆ ಗೇಟಿಗೆ ಬರುವುದು ಎಲ್ಲ ಸೇರಿ ಇಂಥ ನಿಲ್ದಾಣಗಳಲ್ಲಿ ಸುಮಾರು 12 ನಿಮಿಷ. ಸಣ್ಣ ಡ್ಯಾಶ್‌ಗೆ 79 + 12 = 91, ದೊಡ್ಡದಕ್ಕೆ 66 + 12 = 78. ಆದ್ದರಿಂದ ಟಿಕೆಟ್ಟಿನಲ್ಲಿ ಒಂದು ಗಂಟೆ ಇಪ್ಪತ್ತರಿಂದ ಮೂವತ್ತು ನಿಮಿಷದ ಮಧ್ಯೆ ಏನಿದ್ದರೂ ಸಹಜ. ಅದಕ್ಕಿಂತ ಬಹಳ ಹೆಚ್ಚಿದ್ದರೆ ನಡುವೆ ಎಲ್ಲಾದರೂ ಇಳಿದು ಹೋಗುವ ವಿಮಾನವಿರಬೇಕು, ಸಣ್ಣಕ್ಷರ ಓದಿ.

ಹೆಜ್ಜೆ 7: ಗಡಿಯಾರದ ಹೊತ್ತು

ನಾರ್ವೆ ಬ್ರಿಟನ್ನಿಗಿಂತ ಒಂದು ಗಂಟೆ ಮುಂದೆ. ಎರಡೂ ದೇಶಗಳು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಒಂದೇ ಗಳಿಗೆಯಲ್ಲಿ ಗಡಿಯಾರ ತಿರುಗಿಸುವುದರಿಂದ ಈ ಒಂದು ಗಂಟೆಯ ಅಂತರ ವರ್ಷವಿಡೀ ಬದಲಾಗುವುದಿಲ್ಲ. ಭಾರತದ ಜೊತೆಗಿನ ಅಂತರ ಮಾತ್ರ ಬದಲಾಗುತ್ತದೆ.

ಉದಾಹರಣೆಗೆ ಬರ್ಗೆನ್ ಬಿಡುವುದು ಮಧ್ಯಾಹ್ನ 3:00, ಅಬರ್ಡೀನ್ ಸೇರುವುದು 3:25 ಎಂದಿದೆಯೆನ್ನಿ. 25 ನಿಮಿಷಕ್ಕೆ ಒಂದು ಗಂಟೆ ಸೇರಿಸಿ: ಒಂದು ಗಂಟೆ 25 ನಿಮಿಷ. ವಾಪಸು ಬರುವಾಗ ಅಬರ್ಡೀನ್ ಬಿಡುವುದು ಸಂಜೆ 4:00, ಬರ್ಗೆನ್ ಸೇರುವುದು 6:20 ಎಂದಿದ್ದರೆ ಒಂದು ಗಂಟೆ ಕಳೆಯಿರಿ: ಒಂದು ಗಂಟೆ 20 ನಿಮಿಷ. ಪಶ್ಚಿಮಕ್ಕೆ ಹೋದರೆ ಸೇರಿಸಿ, ಪೂರ್ವಕ್ಕೆ ಬಂದರೆ ಕಳೆಯಿರಿ. ಅಬರ್ಡೀನ್‌ನಲ್ಲಿ ಇಳಿದು ಮನೆಗೆ ಫೋನ್ ಮಾಡುವುದಾದರೆ, ಅಲ್ಲಿ 3:25 ಆದಾಗ ಊರಿನಲ್ಲಿ ಜುಲೈಯಾದರೆ ಸಂಜೆ 7:55, ಜನವರಿಯಾದರೆ ರಾತ್ರಿ 8:55.

ಹೆಜ್ಜೆ 8: ಪಾಸ್‌ಪೋರ್ಟ್ ಮತ್ತು ವೀಸಾ

ಲೆಕ್ಕಕ್ಕಿಂತ ಇದು ಮುಖ್ಯ, ಭಾರತದ ಪಾಸ್‌ಪೋರ್ಟ್ ಇರುವವರಿಗಂತೂ. ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿದೆ. ಬ್ರಿಟನ್ ಎರಡರಲ್ಲೂ ಇಲ್ಲ. ಷೆಂಗೆನ್ ವೀಸಾ ಹಿಡಿದು ಅಬರ್ಡೀನ್‌ಗೆ ಹೋಗಲಾಗದು, ಬ್ರಿಟನ್ನಿನ ವೀಸಾ ಹಿಡಿದು ಬರ್ಗೆನ್‌ಗೆ ಬರಲಾಗದು. ನಾರ್ವೆಯಲ್ಲಿ ಕೆಲಸಕ್ಕಿದ್ದು ಅಲ್ಲಿನ ವಾಸದ ಪರವಾನಗಿ ಇದ್ದರೂ ಬ್ರಿಟನ್ನಿಗೆ ಬೇರೆ ವೀಸಾ ಬೇಕೇ ಬೇಕು. ಈಚೆಗೆ ಬಂದಿರುವ ಬ್ರಿಟನ್ನಿನ ಇಟಿಎ ಎಂಬ ಆನ್‌ಲೈನ್ ಅನುಮತಿ ವೀಸಾ ಬೇಡದ ದೇಶಗಳವರಿಗೆ. ಭಾರತೀಯರಿಗೆ ಅದು ಉಪಯೋಗಕ್ಕೆ ಬಾರದು.

ಊರಿನಿಂದ ನೋಡಲು ಬಂದ ಅಪ್ಪ ಅಮ್ಮನನ್ನು ಎರಡು ದಿನ ಸ್ಕಾಟ್ಲೆಂಡ್ ಸುತ್ತಿಸುವ ಆಸೆಯಿದ್ದರೆ ಅವರ ಷೆಂಗೆನ್ ವೀಸಾದ ಮೇಲೆ ಎಷ್ಟು ಸಲದ ಪ್ರವೇಶ ಬರೆದಿದೆ ನೋಡಿ. ಒಂದೇ ಸಲದ್ದಾದರೆ ಬರ್ಗೆನ್ ಬಿಟ್ಟೊಡನೆ ಅದು ಮುಗಿಯಿತು, ದಿನಗಳು ಉಳಿದಿದ್ದರೂ ವಾಪಸು ಬರುವಂತಿಲ್ಲ. ಹಿಂದಿರುಗುವ ಬೆಂಗಳೂರು ಟಿಕೆಟ್ ಬರ್ಗೆನ್‌ನಿಂದ ಇದ್ದರೆ ಪಜೀತಿಯೇ. ಅರ್ಜಿ ಹಾಕುವಾಗಲೇ ಬಹುಪ್ರವೇಶ ಕೇಳಿ, ಕಾರಣವನ್ನೂ ಬರೆಯಿರಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹಂತಹಂತವಾಗಿ ಹೊಸ ಪ್ರವೇಶ–ನಿರ್ಗಮನ ವ್ಯವಸ್ಥೆ ಬಂದಿದೆ. ಅಲ್ಪಾವಧಿಗೆ ಬಂದವರ ಮುಖದ ಚಿತ್ರ, ಬೆರಳಚ್ಚು ದಾಖಲಾಗುವುದರಿಂದ ಮೊದಲ ಸಲ ಸಾಲಿನಲ್ಲಿ ಹೆಚ್ಚು ಹೊತ್ತು ಹಿಡಿಯಬಹುದು.

ಹೆಜ್ಜೆ 9: ಮನೆಯಿಂದ ಮನೆಗೆ

ಬರ್ಗೆನ್ ನಗರದ ನಡುವಿನಿಂದ ಬೀಬಾನೆನ್ ಎಂಬ ಲಘು ರೈಲು 2017ರಿಂದ ನೇರ ವಿಮಾನ ನಿಲ್ದಾಣಕ್ಕೇ ಬರುತ್ತದೆ. ಸುಮಾರು 45 ನಿಮಿಷ. ಟ್ಯಾಕ್ಸಿ ಬೇಗ ಬರುತ್ತದೆ, ಆದರೆ ನಾರ್ವೆಯ ಟ್ಯಾಕ್ಸಿ ಬಾಡಿಗೆ ಕೇಳಿದರೆ ರೈಲೇ ಹಿತವೆನಿಸುತ್ತದೆ. ಪಾಸ್‌ಪೋರ್ಟ್ ತಪಾಸಣೆ ಇರುವುದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಿ.

ಅಬರ್ಡೀನ್ ನಿಲ್ದಾಣ ಊರಿನ ವಾಯವ್ಯಕ್ಕೆ ಹತ್ತು–ಹನ್ನೊಂದು ಕಿ.ಮೀ. ದೂರದ ಡೈಸ್‌ನಲ್ಲಿದೆ. ಸಮುದ್ರದ ತೈಲ ವೇದಿಕೆಗಳಿಗೆ ಹೋಗಿಬರುವ ಹೆಲಿಕಾಪ್ಟರುಗಳ ದೊಡ್ಡ ನೆಲೆ ಇದು. ನಕ್ಷೆಯಲ್ಲಿ ಡೈಸ್ ರೈಲು ನಿಲ್ದಾಣ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ. ಆದರೆ ಅದು ರನ್‌ವೇಯ ಆಚೆ ಬದಿಗೆ, ಟರ್ಮಿನಲ್ ಈಚೆ ಬದಿಗೆ. ಸೂಟ್‌ಕೇಸ್ ಎಳೆದುಕೊಂಡು ನಡೆದು ಹೋಗುವ ಯೋಚನೆ ಬಿಟ್ಟು ಟರ್ಮಿನಲ್ ಮುಂದಿನ ಬಸ್ ಹಿಡಿಯಿರಿ, ನಗರಕ್ಕೆ ಅರ್ಧ ಗಂಟೆಯ ಮೇಲೆ ಸ್ವಲ್ಪ.

ಈಗ ಒಟ್ಟು ಕೂಡಿ. ಮೇಲಿನ ಉದಾಹರಣೆಯ ವಿಮಾನಕ್ಕೆ ಬರ್ಗೆನ್‌ನ ಮನೆ ಬಿಡಬೇಕಾದದ್ದು ಮಧ್ಯಾಹ್ನ 12:45. ವಿಮಾನದ ಒಂದು ಗಂಟೆ 25 ನಿಮಿಷ ಕಳೆದು, ಇಳಿದ ಮೇಲೆ ಪಾಸ್‌ಪೋರ್ಟ್, ಬ್ಯಾಗು ಎಂದು 40 ನಿಮಿಷ, ಬಸ್ಸಿಗೆ 40 ನಿಮಿಷ. ಅಬರ್ಡೀನ್ ಪೇಟೆಯಲ್ಲಿ ನೀವಿರುವುದು ಅಲ್ಲಿನ ಗಡಿಯಾರದಲ್ಲಿ 4:45ಕ್ಕೆ. ನಾಲ್ಕು ಗಂಟೆ ಎನಿಸಿದರೂ ನಿಜಕ್ಕೂ ಐದು.

ಹೆಜ್ಜೆ 10: ನೇರ ವಿಮಾನ ಇಲ್ಲದ ದಿನ

ಸಣ್ಣ ನಿಲ್ದಾಣಗಳ ನಡುವಿನ ನೇರ ವಿಮಾನಗಳು ಋತು ಬದಲಾದಂತೆ ಬದಲಾಗುತ್ತವೆ. ತೈಲ ಕಂಪನಿಯವರ ಓಡಾಟವೇ ಆಧಾರವಾದ್ದರಿಂದ ಶನಿವಾರ ವಿಮಾನ ಸಿಗುವುದು ಕಷ್ಟ. ಹಡಗಿನ ದಾರಿ ಹುಡುಕಬೇಡಿ. ಬರ್ಗೆನ್‌ನಿಂದ ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಇದ್ದ ಪ್ರಯಾಣಿಕರ ಹಡಗು 2008ರಲ್ಲೇ ನಿಂತುಹೋಗಿದೆ. ಉಳಿಯುವುದು ಆಮ್‌ಸ್ಟರ್‌ಡ್ಯಾಮ್, ಲಂಡನ್, ಕೋಪನ್‌ಹೇಗನ್‌ನಂಥ ಕಡೆ ಇಳಿದು ಹತ್ತುವುದು.

ಆಮ್‌ಸ್ಟರ್‌ಡ್ಯಾಮ್ ದಾರಿಗೆ ನಮ್ಮದೇ ಲೆಕ್ಕ ಹಾಕಿದರೆ ಬರ್ಗೆನ್‌ನಿಂದ ಅಲ್ಲಿಗೆ 887 ಕಿ.ಮೀ., ಅಲ್ಲಿಂದ ಅಬರ್ಡೀನ್‌ಗೆ 703. ಒಟ್ಟು 1,590, ನೇರ ದಾರಿಯ ಸುಮಾರು ಮೂರು ಪಟ್ಟು. ನಡುವೆ ಕಾಯುವುದೂ ಸೇರಿ ಐದು ಗಂಟೆ ಹಿಡಿದೀತು. ಎರಡು ಬೇರೆ ಬೇರೆ ಟಿಕೆಟ್ ಕೊಂಡು ನೂರಿನ್ನೂರು ಕ್ರೋನ (ನಾರ್ವೆಯ ಹಣ) ಉಳಿಸುವ ಆಸೆಗೆ ಬೀಳಬೇಡಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿರುವುದಿಲ್ಲ. ಒಂದೇ ಟಿಕೆಟ್ ಆದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ಹೊಣೆ.

ತಡವಾದರೆ ಪರಿಹಾರ ಕೇಳುವಾಗಲೂ ನೀವು ಹಾಕಿದ ದೂರದ ಲೆಕ್ಕವೇ ಕೆಲಸಕ್ಕೆ ಬರುತ್ತದೆ. ಈಗಿನ ನಿಯಮದಂತೆ 1,500 ಕಿ.ಮೀ. ಒಳಗಿನ ಪ್ರಯಾಣದಲ್ಲಿ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ, ತಪ್ಪು ವಿಮಾನ ಕಂಪನಿಯದ್ದಾದರೆ, ಬರ್ಗೆನ್‌ನಿಂದ ಹೊರಟವರಿಗೆ 250 ಯೂರೋ, ಅಬರ್ಡೀನ್‌ನಿಂದ ಹೊರಟವರಿಗೆ 220 ಪೌಂಡ್. ಗಾಳಿ, ಮಂಜಿನ ಕಾರಣಕ್ಕೆ ತಡವಾದರೆ ಈ ಹಣ ಇಲ್ಲ, ಊಟ ಮತ್ತು ರಾತ್ರಿ ಉಳಿದುಕೊಳ್ಳುವ ವ್ಯವಸ್ಥೆ ಮಾತ್ರ ಕೇಳಬಹುದು. ಆಮ್‌ಸ್ಟರ್‌ಡ್ಯಾಮ್ ಸುತ್ತಿ 1,590 ಕಿ.ಮೀ. ಹಾರಿದವರು 1,500 ಕಿ.ಮೀ. ಮೀರಿದ ದೂರದ ದರ್ಜೆಯ 400 ಯೂರೋ ಕೇಳಿದರೆ ಸಿಗುವುದಿಲ್ಲ. ಒಂದೇ ಟಿಕೆಟ್ಟಿನಲ್ಲಿ ಎಲ್ಲಿ ಇಳಿದು ಹತ್ತಿದರೂ ಹೊರಟ ಊರಿನಿಂದ ಕೊನೆಯ ಊರಿಗಿರುವ ನೇರ ದೂರವನ್ನೇ ಹಿಡಿಯಬೇಕೆಂದು ಐರೋಪ್ಯ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿದೆ. ಅರ್ಜಿಯಲ್ಲಿ ದೂರದ ಕಾಲಂ ಇದ್ದರೆ 548 ಎಂದೇ ತುಂಬಿ.